ಬ್ಯಾಟ್ ಹಿಡಿದ ಮಕ್ಕಳಿಗೆ ಪರ್ಸನಲ್ ಕೋಚಿಂಗ್ ಬೇಕೆ?

ಗಣಿತಕ್ಕೆ, ವಿಜ್ಞಾನಕ್ಕೆ ಟ್ಯೂಷನ್ ಹಾಕಿಸುವುದನ್ನು ಚಿತ್ರದುರ್ಗದಲ್ಲಿ ಈಗ ಯಾರೂ ಪ್ರಶ್ನಿಸುವುದಿಲ್ಲ. ಆ ರೂಢಿ ಮೆಲ್ಲಗೆ ಮೈದಾನಕ್ಕೂ ಇಳಿದಿದೆ. ಹತ್ತು ಹನ್ನೊಂದರ ಹುಡುಗನೋ ಹುಡುಗಿಯೋ ಚೆಂಡಿಗೆ ನೆಟ್ಟಗೆ ಬ್ಯಾಟು ಕೊಡುವುದು ಕಂಡರೆ ಸಾಕು, ಮನೆಯಲ್ಲಿ ಮಾತು ಶುರು. ಬೇಸಿಗೆ ಶಿಬಿರ ಸಾಕೇ? ಸಂಜೆ ಗುಂಪಿನ ನೆಟ್ಸ್ ಸಾಕೇ? ಇಲ್ಲ, ಕೋಚ್ ಒಬ್ಬರನ್ನು ಹಿಡಿದು ವಾರಕ್ಕೆರಡು ದಿನ ಪರ್ಸನಲ್ ಕೋಚಿಂಗ್ ಕೊಡಿಸಬೇಕೇ? ಹೊಳಲ್ಕೆರೆಯ ಅಡಿಕೆ ತೋಟದ ಮನೆಯಲ್ಲೂ ಹೊಸದುರ್ಗದ ತೆಂಗಿನ ಮಂಡಿಯಲ್ಲೂ ಹಿರಿಯೂರಿನ ಬಾಡಿಗೆ ಮನೆಯಲ್ಲೂ ಈ ಪ್ರಶ್ನೆಯ ಹಿಂದಿರುವ ಭಯ ಒಂದೇ. ನಾವು ಕೊಡಿಸದೆ ಹೋಗಿ ಮಗು ಹಿಂದೆ ಬಿದ್ದರೆ?

ಈ ಚರ್ಚೆ ಜೋರಾಗಿ ನಡೆದಿರುವುದು ಅಮೆರಿಕದಲ್ಲಿ, ಅದೂ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ವಲಯದಲ್ಲಿ. ಅಲ್ಲಿ ಚೆಂಡು ಹೊಡೆಯುವುದನ್ನು ಒಬ್ಬೊಬ್ಬರಿಗೇ ಹೇಳಿಕೊಡುವ ಖಾಸಗಿ ಪಾಠ ದೊಡ್ಡ ವ್ಯಾಪಾರವಾಗಿದೆ. 1887ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಈ ಆಟ 1996ರಲ್ಲಿ ಒಲಿಂಪಿಕ್ಸ್ ಸೇರಿತು, 2008ರ ನಂತರ ಹೊರಬಿತ್ತು, ಟೋಕಿಯೊದಲ್ಲಿ ಮರಳಿ ಬಂತು, 2028ರ ಲಾಸ್ ಏಂಜಲೀಸ್ ಕೂಟದಲ್ಲೂ ಇರಲಿದೆ. ಅದೇ ಕೂಟದಲ್ಲಿ ಕ್ರಿಕೆಟ್ಟೂ ಇರಲಿದೆ. ನಮ್ಮ ಶಾಲಾ ಕ್ರೀಡಾ ಒಕ್ಕೂಟದ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಹೆಸರಿದ್ದರೂ ಚಿತ್ರದುರ್ಗ ಸೀಮೆಯ ಮಕ್ಕಳ ಕೈಯಲ್ಲಿರುವುದು ಕ್ರಿಕೆಟ್ ಬ್ಯಾಟು. ಆದರೆ ಎರಡೂ ಆಟಗಳಲ್ಲಿ ಮಗುವಿನ ಮುಂದಿರುವ ಕಷ್ಟ ಒಂದೇ: ಅರ್ಧ ಸೆಕೆಂಡಿನೊಳಗೆ ಬರುವ ಚೆಂಡಿಗೆ ಬ್ಯಾಟನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ತರುವುದು. ಹಾಗಾಗಿ ಇಂಥ ಆಟಗಳ ಮೇಲೆ ಬೇರೆಡೆ ನಡೆದ ಪರೀಕ್ಷೆಗಳು ನಮಗೂ ಉಪಯೋಗಕ್ಕೆ ಬರುತ್ತವೆ.

ಮೊದಲು ಆ ಅರ್ಧ ಸೆಕೆಂಡಿನ ಲೆಕ್ಕ ನೋಡೋಣ. ಮಹಿಳೆಯರ ಸಾಫ್ಟ್‌ಬಾಲಿನಲ್ಲಿ ಎಸೆಯುವವಳಿಗೂ ಹೊಡೆಯುವವಳಿಗೂ ನಡುವೆ 43 ಅಡಿ ಅಂತರ. ಗಂಟೆಗೆ 60 ಮೈಲಿ ವೇಗದ ಚೆಂಡು ಆ ದೂರವನ್ನು ಅರ್ಧ ಸೆಕೆಂಡಿಗಿಂತ ಬೇಗ ಮುಗಿಸುತ್ತದೆ. ಕ್ರಿಕೆಟ್‌ನಲ್ಲಿ ಪಿಚ್ 22 ಗಜ. ಕ್ರೀಸಿನಿಂದ ಕ್ರೀಸಿಗೆ ಸುಮಾರು 58 ಅಡಿ. ಗಂಟೆಗೆ 120 ಕಿಲೋಮೀಟರ್ ವೇಗದ ಚೆಂಡಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಸೆಕೆಂಡಿನ ಐದನೇ ಒಂದು ಪಾಲು ಕಳೆದುಹೋಗುತ್ತದೆ. ಉಳಿಯುವ ಚೂರು ಹೊತ್ತಿನಲ್ಲಿ ಚೆಂಡನ್ನು ಕೊನೆಯವರೆಗೆ ನೋಡುತ್ತಾ ನಿಂತು ಹೊಡೆಯುವುದು ಯಾರಿಂದಲೂ ಆಗದು. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯೋಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ಅಳೆದು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಒಳ್ಳೆಯ ಆಟಗಾರನ ಕಣ್ಣು ಚೆಂಡಿನ ಬೆನ್ನು ಹತ್ತಿ ಹೋಗುವುದಿಲ್ಲ. ಕೈಬಿಟ್ಟ ಕ್ಷಣವನ್ನು ನೋಡಿ, ಚೆಂಡು ಪುಟಿಯಲಿರುವ ಜಾಗಕ್ಕೆ ಮೊದಲೇ ಹೋಗಿ ಕಾಯುತ್ತದೆ. ಅಂದರೆ ಬ್ಯಾಟಿಂಗ್‌ನಲ್ಲಿ ಅರ್ಧ ಕೆಲಸ ಬೌಲರನ ಕೈ, ಭುಜ, ಮಣಿಕಟ್ಟನ್ನು ಓದುವುದು.

ಇದಕ್ಕೆ ಸಾಫ್ಟ್‌ಬಾಲಿನಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್, ಬೇಸ್‌ಬಾಲ್‌ನ ಮಹಾ ಹೊಡೆತಗಾರ ಆಲ್ಬರ್ಟ್ ಪುಹೋಲ್ಸ್‌ಗೆ ಚೆಂಡೆಸೆದರು. ಅದಕ್ಕಿಂತ ವೇಗದ ಚೆಂಡುಗಳನ್ನು ದಿನವೂ ಬಾರಿಸುತ್ತಿದ್ದ ಪುಹೋಲ್ಸ್ ಅವತ್ತು ಚೆಂಡು ತಾಗಿಸಲಾಗದೆ ಔಟಾದರು. ಅವರ ನಿಲುವಿನಲ್ಲಿ, ಬೀಸಿನಲ್ಲಿ ಕೊರತೆ ಏನೂ ಇರಲಿಲ್ಲ. ಕೆಳಗಿನಿಂದ ತಿರುಗಿ ಬರುವ ಆ ಕೈಯನ್ನು ಅವರ ಕಣ್ಣು ಹಿಂದೆ ಓದಿರಲಿಲ್ಲ, ಅಷ್ಟೆ. ಪರ್ಸನಲ್ ಕೋಚಿಂಗಿಗೆ ದುಡ್ಡು ಎಣಿಸುವ ಮೊದಲು ಪ್ರತಿಯೊಬ್ಬ ತಂದೆತಾಯಿಯೂ ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಖಾಸಗಿ ಪಾಠದಲ್ಲಿ ಸಾಮಾನ್ಯವಾಗಿ ಸಿಗುವುದೇನು? ಕೋಚ್ ಹತ್ತಿರದಿಂದ ಎಸೆಯುವ ಥ್ರೋಡೌನ್, ಇಲ್ಲವೇ ಬೌಲಿಂಗ್ ಮಷೀನು. ಮಷೀನಿಗೆ ಭುಜವಿಲ್ಲ, ಮಣಿಕಟ್ಟಿಲ್ಲ. ಆಸ್ಟ್ರೇಲಿಯದಲ್ಲಿ ಪಿಂಡರ್, ರೆನ್ಶಾ ಮತ್ತು ಡೇವಿಡ್ಸ್ ಎಂಬುವರು 2009ರಲ್ಲಿ ಕಲಿಯುವ ಹಂತದ ಕ್ರಿಕೆಟಿಗರನ್ನೇ ನಿಲ್ಲಿಸಿ ನೋಡಿದರು. ನಿಜವಾದ ಬೌಲರನೆದುರು ಆಡುವಾಗಿನ ಹೆಜ್ಜೆ, ಬ್ಯಾಟು ಎತ್ತುವ ಹೊತ್ತು, ಬೀಸಿನ ಲಯ ಎಲ್ಲವೂ ಮಷೀನಿನೆದುರು ಬದಲಾಗಿದ್ದವು. ಮಷೀನಿನ ಮುಂದೆ ಸೊಗಸಾಗಿ ಕವರ್ ಡ್ರೈವ್ ಹೊಡೆಯುವ ಮಗು ಪಂದ್ಯದಲ್ಲಿ ತಡವರಿಸಿದರೆ ಅದು ಮಗುವಿನ ಅಂಜಿಕೆಯಲ್ಲ, ಅದಕ್ಕೆ ಕೊಟ್ಟ ಅಭ್ಯಾಸದ ದೋಷ.

ಹಾಗಂತ ಹೆಚ್ಚುವರಿ ಅಭ್ಯಾಸದಿಂದ ಲಾಭವೇ ಇಲ್ಲ ಎನ್ನಲಾಗದು. 1994ರಲ್ಲಿ ಹಾಲ್, ಡೊಮಿಂಗಸ್ ಮತ್ತು ಕವಾಸೋಸ್ ಪ್ರಕಟಿಸಿದ ಪರೀಕ್ಷೆ ಈ ಪ್ರಶ್ನೆಗೆ ತೀರ ಹತ್ತಿರದ್ದು. ಕಾಲೇಜು ಬೇಸ್‌ಬಾಲ್ ತಂಡದ 30 ಆಟಗಾರರನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ವಾರಕ್ಕೆರಡು ಸಲ, ಆರು ವಾರ, ಸಲಕ್ಕೆ 45 ಹೆಚ್ಚುವರಿ ಎಸೆತ. ಮೂರನೆಯ ಗುಂಪಿಗೆ ತಂಡದ ಮಾಮೂಲಿ ಅಭ್ಯಾಸ ಮಾತ್ರ. ಮೊದಲ ಗುಂಪಿಗೆ ಒಂದೇ ಬಗೆಯ 15 ಎಸೆತ, ಆಮೇಲೆ ಇನ್ನೊಂದು ಬಗೆಯ 15, ಆಮೇಲೆ ಮತ್ತೊಂದು, ಹೀಗೆ ವರಸೆಯಾಗಿ ಹಾಕಿದರು. ಎರಡನೆಯದಕ್ಕೆ ಅವೇ 45 ಎಸೆತಗಳನ್ನು ಕಲಸಿ, ಮುಂದೆ ಯಾವುದು ಬರುತ್ತದೆಂದು ತಿಳಿಯದಂತೆ ಹಾಕಿದರು. ಕೊನೆಗೆ ಮಾಮೂಲಿ ಗುಂಪು ಸುಧಾರಿಸಿದ್ದು ಶೇ 6ರಷ್ಟು, ವರಸೆಯ ಗುಂಪು ಶೇ 25ರಷ್ಟು, ಕಲಸಿ ಹಾಕಿದ ಗುಂಪು ಶೇ 57ರಷ್ಟು.

ಈ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಹೆಚ್ಚುವರಿ ಅಭ್ಯಾಸ ಫಲ ಕೊಟ್ಟಿದೆ, ಅನುಮಾನವಿಲ್ಲ. ಆದರೆ ಆರು ವಾರಕ್ಕೆ ಒಟ್ಟು 540 ಎಸೆತ ಮಾತ್ರ. ವರ್ಷವಿಡೀ ತಿಂಗಳ ಫೀಸು ಕಟ್ಟುವಂಥ ದೊಡ್ಡ ಬಾಬತ್ತೇನಲ್ಲ. ಗೆದ್ದದ್ದು ಎಸೆತಗಳ ಸಂಖ್ಯೆಯೂ ಅಲ್ಲ, ಅವನ್ನು ಹಾಕಿದ ಕ್ರಮ. ಖಾಸಗಿ ಪಾಠದಲ್ಲಿ ಮಾತ್ರ ನಡೆಯುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ: ಇವತ್ತು ಪೂರ್ತಿ ಫ್ರಂಟ್‌ಫುಟ್, ನಾಳೆ ಪೂರ್ತಿ ಪುಲ್. ಒಂದೇ ಎಸೆತಕ್ಕೆ ಒಂದೇ ಹೊಡೆತವನ್ನು ನೂರು ಸಲ ಹೊಡೆದಾಗ ಮಗು ಆ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ, ಬೇಲಿಯಾಚೆ ನಿಂತ ಅಪ್ಪನಿಗೂ ದುಡ್ಡು ಸಾರ್ಥಕ ಅನ್ನಿಸುತ್ತದೆ. ಕಲಸಿ ಹಾಕಿದಾಗ ಅಭ್ಯಾಸದಲ್ಲಿ ತಪ್ಪುಗಳು ಹೆಚ್ಚು ಕಾಣುತ್ತವೆ, ಕಲಿಕೆ ಮಾತ್ರ ಒಳಗೆ ಗಟ್ಟಿಯಾಗುತ್ತದೆ. ಫೀಸು ಕೊಟ್ಟವರ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂಬ ಒತ್ತಡ ಕೋಚ್‌ಗೂ ಇರುತ್ತದೆ. ಪರ್ಸನಲ್ ಕೋಚಿಂಗಿನ ದೊಡ್ಡ ತೊಡಕು ಇದೇ ಎಂದು ನನ್ನ ಅಭಿಪ್ರಾಯ.

ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆಗೂ ಬೇರು ಇದೆ. ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನವನ್ನು ಮಾಲ್ಕಂ ಗ್ಲ್ಯಾಡ್‌ವೆಲ್ 2008ರ ಪುಸ್ತಕದಲ್ಲಿ ಹತ್ತು ಸಾವಿರ ಗಂಟೆ ಅಭ್ಯಾಸದ ಸೂತ್ರ ಮಾಡಿದರು. ಅಲ್ಲಿಂದ ಅದು ಜಗತ್ತಿನ ಅಕಾಡೆಮಿಗಳಿಗೆಲ್ಲ ಹಬ್ಬಿತು. ಕ್ರೀಡೆಯ ಮಟ್ಟಿಗೆ ಸೂತ್ರ ಅಷ್ಟು ನಿಲ್ಲಲಿಲ್ಲ. ಮಕ್‌ನಮಾರ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2016ರಲ್ಲಿ ಲೆಕ್ಕ ಹಾಕಿದಾಗ, ಆಟಗಾರರ ನಡುವಿನ ವ್ಯತ್ಯಾಸದಲ್ಲಿ ಇಂಥ ಉದ್ದೇಶಪೂರ್ವಕ ಅಭ್ಯಾಸದ ಪಾಲು ಶೇ 18 ಎಂದು ಬಂತು. ಅತ್ಯುನ್ನತ ಮಟ್ಟದ ಆಟಗಾರರ ನಡುವೆ ಅದು ಶೇ 1ಕ್ಕೆ ಇಳಿಯಿತು. 2022ರಲ್ಲಿ ಗ್ಯುಲಿಕ್, ಮಕ್‌ನಮಾರ ಮತ್ತು ಹ್ಯಾಂಬ್ರಿಕ್ ಹೇಳಿದ್ದು ಇನ್ನೂ ಗಮನಿಸುವಂಥದ್ದು. ಚಿಕ್ಕ ವಯಸ್ಸಿನಲ್ಲಿ ಮಿಂಚಿದ ಜೂನಿಯರ್‌ಗಳು ಬೇಗ ಶುರು ಮಾಡಿ ಒಂದೇ ಆಟಕ್ಕೆ ಅಂಟಿಕೊಂಡವರು. ದೊಡ್ಡವರಾದ ಮೇಲೆ ವಿಶ್ವಮಟ್ಟಕ್ಕೆ ಹೋದವರು ಚಿಕ್ಕಂದಿನಲ್ಲಿ ಬೇರೆ ಬೇರೆ ಆಟಗಳನ್ನು ಕಲಿತವರು, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದವರು, ಮೊದಮೊದಲು ನಿಧಾನವಾಗಿ ಮೇಲೇರಿದವರು. ಹದಿನಾಲ್ಕರೊಳಗಿನ ತಂಡಕ್ಕೆ ಆಯ್ಕೆಯಾಗಲು ನೆರವಾಗುವ ದಾರಿಯೇ ಮುಂದಿನ ದಾರಿಯನ್ನು ಕಿರಿದು ಮಾಡಬಹುದು ಎಂದರ್ಥ.

ನಮ್ಮ ರಾಜ್ಯದ ಆಟಗಾರರ ಬದುಕೂ ಇದಕ್ಕೆ ಹೊರತಲ್ಲ. ರಾಹುಲ್ ದ್ರಾವಿಡ್ ಹುಡುಗನಾಗಿ ಹಾಕಿಯನ್ನೂ ಗಂಭೀರವಾಗಿ ಆಡಿದವರು. ಕೋಚ್ ಕೇಕಿ ತಾರಾಪೂರ್ ಅವರನ್ನು ಗುರುತಿಸಿದ್ದು ಬೇಸಿಗೆ ಶಿಬಿರದ ಗುಂಪಿನಲ್ಲಿ. ಗದಗಿನ ಸುನೀಲ್ ಜೋಶಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದರು. ಅಷ್ಟು ದೂರ ಅವರನ್ನು ಎಳೆದದ್ದು ಒಬ್ಬರೇ ಕೂತು ಕಲಿಯುವ ಪಾಠವಿರಲಾರದು. ಊರಿನಲ್ಲಿಲ್ಲದ ಪಿಚ್ಚು, ಊರಿನಲ್ಲಿಲ್ಲದ ಜೊತೆಗಾರರು ಇರಬೇಕು. ದುರ್ಗದಲ್ಲೇ ಉದಾಹರಣೆ ಬೇಕೆಂದರೆ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಇದ್ದಾರೆ. ಕೋಟೆಯ ಗೋಡೆ ಹತ್ತುವುದನ್ನು ಅವರು ಯಾವ ಕೋಚ್‌ನಿಂದಲೂ ಕಲಿಯಲಿಲ್ಲ, ಕೋತಿಗಳನ್ನು ನೋಡಿ ಕಲಿತರು. ಆದರೆ ಅವರೇ ಈಗ ಮಕ್ಕಳಿಗೆ ಹಗ್ಗ ಕಟ್ಟಿ ಹತ್ತಲು ಕಲಿಸುತ್ತಾರೆ. ಗುರುವಿಲ್ಲದೆ ಕಲಿಯಬಹುದು, ಗುರುವಿದ್ದರೆ ಅಪಾಯ ಕಡಿಮೆ ಎಂಬ ಎರಡು ಮಾತೂ ಒಬ್ಬನೇ ಮನುಷ್ಯನಲ್ಲಿ ನಿಜವಾಗಿವೆ.

ಈಗ ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಈ ನಾಲ್ಕು ಊರಿನ ಮಕ್ಕಳ ದಿನಚರಿಗೆ ಬರೋಣ. ಚಿತ್ರದುರ್ಗ ನಗರದಲ್ಲಿ ಒನಕೆ ಓಬವ್ವ ಕ್ರೀಡಾಂಗಣವಿದೆ, ಜಿಲ್ಲಾ ಕೇಂದ್ರಕ್ಕಿರುವ ಸವಲತ್ತುಗಳಿವೆ. ಹೊಳಲ್ಕೆರೆಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಹಿರಿಯೂರಿನಿಂದ ಸುಮಾರು ನಲವತ್ತು, ಹೊಸದುರ್ಗದಿಂದ ಇನ್ನೂ ದೂರ. ಶಾಲೆ ಬಿಟ್ಟು ಬಸ್ಸು ಹತ್ತಿ ಹೋಗಿ, ಒಂದು ಗಂಟೆ ಕಲಿತು, ರಾತ್ರಿ ಊರು ಮುಟ್ಟುವ ಮಗುವಿಗೆ ಆ ದಿನ ಓದಿಗೂ ಹೊತ್ತಿಲ್ಲ, ಗೆಳೆಯರೊಂದಿಗಿನ ಆಟಕ್ಕೂ ಹೊತ್ತಿಲ್ಲ. ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆಯ ಆಟ ಕಳೆದುಕೊಂಡರೆ ಅದು ನಷ್ಟದ ಬಾಬತ್ತು. ಊರ ಬಯಲಿನಲ್ಲಿ ಟೆನಿಸ್ ಬಾಲಿನಲ್ಲಿ ಆಡುವ ಮಗು ಒಂದು ಸಂಜೆಯಲ್ಲಿ ಐದಾರು ಬಗೆಯ ಬೌಲರುಗಳನ್ನು ನೋಡುತ್ತದೆ. ಎಡಗೈಯವನು, ಚಕ್ಕಿಂಗ್ ಮಾಡುವವನು, ಸಣ್ಣ ಓಟದಲ್ಲಿ ಜೋರಾಗಿ ಬಿಡುವವನು, ಎಲ್ಲರೂ ಅಲ್ಲಿರುತ್ತಾರೆ. ಒಂದು ಎಸೆತದಂತೆ ಇನ್ನೊಂದಿಲ್ಲ. 1994ರ ಪರೀಕ್ಷೆಯಲ್ಲಿ ಗೆದ್ದ ಗುಂಪಿಗೆ ಕೊಟ್ಟ ಅಭ್ಯಾಸ ಈ ಮಗುವಿಗೆ ಬಿಟ್ಟಿಯಾಗಿಯೇ ಸಿಗುತ್ತಿದೆ. ಚಿನ್ನಿದಾಂಡು, ಲಗೋರಿ, ಖೊಖೊ ಆಡಿದ ಮಗುವಿನ ಕಣ್ಣು, ಪಾದ, ಭುಜ ಆಗಲೇ ಅರ್ಧ ತಯಾರಾಗಿರುತ್ತವೆ.

ಗುಂಪಿನ ನೆಟ್ಸಿನ ಬಗ್ಗೆ ತಂದೆತಾಯಿಗಳ ದೂರನ್ನು ತಳ್ಳಿಹಾಕಲಾಗದು. ಒಂದು ನೆಟ್ಟಿಗೆ ಹತ್ತು ಮಕ್ಕಳಿದ್ದರೆ ಗಂಟೆಯಲ್ಲಿ ಒಬ್ಬರಿಗೆ ಸಿಗುವುದು ಆರೇ ನಿಮಿಷ. ಹೆಚ್ಚೆಂದರೆ ಮೂವತ್ತು ನಲವತ್ತು ಎಸೆತ. ಆದರೆ ಇದಕ್ಕೆ ಪರಿಹಾರ ಒಂದು ಮಗುವಿಗೊಬ್ಬ ಕೋಚ್ ಆಗಬೇಕಿಲ್ಲ. ಮೂರು ನಾಲ್ಕು ಮಕ್ಕಳು ಸೇರಿ ಒಬ್ಬರ ಬಳಿ ಕಲಿತರೆ ಫೀಸು ಹಂಚಿಹೋಗುತ್ತದೆ, ಬೌಲ್ ಮಾಡಲು ನಿಜವಾದ ಕೈಗಳು ಸಿಗುತ್ತವೆ, ಪಕ್ಕದವನ ತಪ್ಪನ್ನು ನೋಡಿಯೂ ಕಲಿಯಬಹುದು. ಬೆಂಜಮಿನ್ ಬ್ಲೂಮ್ 1984ರಲ್ಲಿ ಒಬ್ಬರಿಗೊಬ್ಬರು ಕೂತು ಕಲಿಸುವ ಪಾಠದ ಶಕ್ತಿಯನ್ನು ಎತ್ತಿ ಹೇಳಿದವರು. ಅವರೇ ಮರುವರ್ಷ, ಮೇಲಕ್ಕೆ ಬಂದ 120 ಪ್ರತಿಭಾವಂತರ ಬಾಲ್ಯವನ್ನು ಕೆದಕಿದಾಗ ಕಂಡ ಮೊದಲ ಗುರು ಶಿಸ್ತಿನ ಪಂಡಿತರಾಗಿರಲಿಲ್ಲ. ಕಲಿಕೆಯನ್ನು ಹಿತವಾಗಿಸಿ ಮಗು ನಾಳೆಯೂ ಬರುವಂತೆ ಮಾಡಿದ ಅಕ್ಕರೆಯವರಾಗಿದ್ದರು.

ಇಷ್ಟು ಹೇಳಿದ ಮೇಲೂ ಒಂದು ಕಡೆ ನನ್ನ ಉತ್ತರ ಬದಲಾಗುತ್ತದೆ. ಅದು ಹೆಣ್ಣುಮಕ್ಕಳ ವಿಷಯ. ಬಯಲಿನ ಆಟ ಬಿಟ್ಟಿಯಾಗಿ ಸಿಗುತ್ತದೆ ಎಂದೆ. ಯಾರಿಗೆ ಸಿಗುತ್ತದೆ? ಹೊಸದುರ್ಗದ ಬಯಲಿನಲ್ಲಿ ಸಂಜೆ ಆರಕ್ಕೆ ಬ್ಯಾಟು ಹಿಡಿದು ನಿಲ್ಲುವ ಹುಡುಗಿಯರು ಎಷ್ಟು ಮಂದಿ? ಏಳನೆಯ ತರಗತಿ ದಾಟಿದ ಕೂಡಲೇ ಹೆಣ್ಣುಮಗುವಿನ ಬೀದಿಯಾಟ ನಿಲ್ಲುತ್ತದೆ. ಗಂಡುಮಕ್ಕಳ ತಂಡ ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೆ ಮನೆಯವರು ಬಿಡುವುದಿಲ್ಲ. ಅವಳ ಪಾಲಿಗೆ ಫೀಸು ಕಟ್ಟಿದ ಕೋಚಿಂಗ್ ಕೊಡುವುದು ಕೇವಲ ಬ್ಯಾಟಿಂಗ್ ಪಾಠವನ್ನಲ್ಲ. ಆಡಲು ಒಂದು ಜಾಗ, ಬರಲು ಒಂದು ಹೊತ್ತು, ಮನೆಯಲ್ಲಿ ಹೇಳಿಕೊಳ್ಳಲು ಒಂದು ಕಾರಣ. ಅದಿಲ್ಲದಿದ್ದರೆ ಅವಳಿಗೆ ಆಟವೇ ಇಲ್ಲ.

ಹೊಸದುರ್ಗದ ನೆರೆಯ ತಾಲ್ಲೂಕು ಕಡೂರಿನಲ್ಲಿ 1992ರಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿ ಹುಡುಗಿಯಾಗಿದ್ದಾಗಲೇ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವರು. ಕ್ರಿಕೆಟ್ ಕಲಿಯಲು ಅವರನ್ನು ಬೆಂಗಳೂರಿಗೆ ಕಳಿಸಬೇಕಾಯಿತು, ಅಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ಟಿನಲ್ಲಿ ತರಬೇತಿ ಪಡೆದರು. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಪಂದ್ಯದಲ್ಲಿ ಅವರು 45 ಎಸೆತಗಳಲ್ಲಿ 70 ರನ್ ಬಾರಿಸಿದರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್‌ಗೆ 5 ವಿಕೆಟ್ ಕಿತ್ತರು. ಭಾರತ 186 ರನ್‌ಗಳಿಂದ ಗೆದ್ದಿತು. ಒಂದೇ ದಿನ ಒಂದೇ ಪಂದ್ಯದ ಗೆಲುವಿನಲ್ಲಿ ಕರ್ನಾಟಕದ ಸಣ್ಣ ಊರಿನ ಇಬ್ಬರು ಹೆಣ್ಣುಮಕ್ಕಳ ಪಾಲು ದೊಡ್ಡದಿತ್ತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು, 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ವಿಶ್ವಕಪ್ ಎತ್ತಿದರು. ನಮ್ಮ ಜಿಲ್ಲೆಯಲ್ಲಿ ಹುಡುಗಿಗೆ ಬ್ಯಾಟು ಕೊಡಿಸುವ ಮನೆಗಳಿದ್ದರೆ ಅವರಿಗೆ ನಾನು ಹೇಳುವುದು: ಒಬ್ಬಳಿಗೇ ಪಾಠ ಹಾಕಿಸುವ ಬದಲು ಅವಳ ಜೊತೆಗೆ ಇನ್ನೂ ಮೂವರನ್ನು ಹುಡುಕಿ. ಅದೂ ಆಗದಿದ್ದರೆ ಒಬ್ಬಳಿಗೇ ಹಾಕಿಸಿ. ಆಟವೇ ಇಲ್ಲದಿರುವುದಕ್ಕಿಂತ ಒಬ್ಬಳೇ ಕಲಿಯುವುದು ಸಾವಿರ ಪಾಲು ಮೇಲು.

ಗಂಡಾಗಲಿ ಹೆಣ್ಣಾಗಲಿ, ಕೆಲವು ಹೊತ್ತಿನಲ್ಲಿ ಒಬ್ಬರೇ ಕೂತು ಕಲಿಯುವ ಪಾಠ ನಿಜಕ್ಕೂ ಬೇಕಾಗುತ್ತದೆ. ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ದಾಟುವಾಗ ಬರುವ ಅಂಜಿಕೆ ಬಿಡಿಸಲು. ಹದಿಮೂರು ಹದಿನಾಲ್ಕರಲ್ಲಿ ಮೈ ದಿಢೀರನೆ ಬೆಳೆದು ಹಳೆಯ ಅಂದಾಜು ತಪ್ಪಿದಾಗ. ಗಾಯವಾಗಿ ಮರಳಿ ಬರುವಾಗ. ಹಿಡಿತದಲ್ಲೇ ದೋಷವಿದ್ದು ಗುಂಪಿನಲ್ಲಿ ಅದನ್ನು ತಿದ್ದಲು ಬಿಡುವಿಲ್ಲದಾಗ. ನಮ್ಮ ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯಕ್ಕೆ ಸೇರಿದೆ. ವಲಯದ ಆಯ್ಕೆಗೆ ಮುನ್ನ ನಾಲ್ಕಾರು ಪಾಠ ತೆಗೆದುಕೊಂಡರೂ ತಪ್ಪಿಲ್ಲ. ಆದರೆ ಇವೆಲ್ಲ ಕೆಲವು ವಾರಗಳ ಮಾತು. ಇಂಥ ಕೆಲಸಕ್ಕೆ ಇಷ್ಟು ಪಾಠ ಎಂದು ಮೊದಲೇ ಗೊತ್ತುಮಾಡಿಕೊಂಡು, ಮುಗಿದ ಮೇಲೆ ಮಗುವನ್ನು ಆಟಕ್ಕೆ ಬಿಡಬೇಕು. ಆರು ವಾರದ ನಂತರವೂ ಅದೇ ತಪ್ಪನ್ನು ಅದೇ ಮಾತಿನಲ್ಲಿ ತಿದ್ದುತ್ತಿರುವ ಕೋಚ್ ಬಳಿ ಏಳನೆಯ ವಾರ ಹೋಗಬೇಕಾಗಿಲ್ಲ. ಪಾಠದಲ್ಲಿ ಮಗು ಎಷ್ಟು ಹೊತ್ತು ಆಡುತ್ತದೆ, ಕೋಚ್ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದನ್ನು ಅಮ್ಮ ಅಪ್ಪ ಒಂದು ದಿನ ನಿಂತು ನೋಡಬೇಕು. ಮೊಣಕೈ ಎತ್ತು, ತಲೆ ಬಗ್ಗಿಸು, ಎಡಗಾಲು ಹಾಕು ಎಂದು ಪ್ರತಿ ಎಸೆತಕ್ಕೂ ಮೂರು ಸೂಚನೆ ಬಂದರೆ ಮಗುವಿನ ಗಮನ ಚೆಂಡಿನಿಂದ ತನ್ನ ಮೈಗೆ ತಿರುಗುತ್ತದೆ, ಅಲ್ಲಿಗೆ ಹೊಡೆತ ಕೆಡುತ್ತದೆ.

ಮೈಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಂತೆ ಹದಿನೈದು ಹದಿನಾರರವರೆಗೆ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಬಾರದು, ಮುಖ್ಯ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳಾದರೂ ಬಿಡುವು ಕೊಡಬೇಕು. ಮಿತಿಮೀರಿದ ಅಭ್ಯಾಸದಿಂದ ಬೆಳೆಯುವ ಮೂಳೆಗೆ, ಬೆನ್ನಿಗೆ, ಭುಜಕ್ಕೆ ಆಗುವ ಪೆಟ್ಟು ಬೇಗ ವಾಸಿಯಾಗುವುದಿಲ್ಲ. ಶಾಲೆಯ ತಂಡ, ಅಕಾಡೆಮಿಯ ನೆಟ್ಸ್, ಅದರ ಮೇಲೆ ಪರ್ಸನಲ್ ಕೋಚಿಂಗ್ ಎಂದು ಮೂರು ಕಡೆ ಓಡುವ ಮಗುವಿನ ಒಟ್ಟು ಗಂಟೆಗಳನ್ನು ಮೂವರಲ್ಲಿ ಯಾರೂ ಕೂಡಿಸುವುದಿಲ್ಲ. ಅದನ್ನು ಕೂಡಿಸಬೇಕಾದವರು ಮನೆಯವರು.

ಕೊನೆಗೆ ಉಳಿಯುವುದು ಫೀಸು ಕಟ್ಟಲಾಗದ ಮನೆಗಳ ಮಾತು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚಿನವರು ಅಂಥವರೇ. ಅವರ ಮಕ್ಕಳಿಗೆ ಕೋಚ್ ಎಂದರೆ ಶಾಲೆಯ ಪಿ.ಟಿ. ಮೇಷ್ಟರು. ಹೋಬಳಿ ಮಟ್ಟದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುವ ಶಾಲಾ ಕ್ರೀಡಾಕೂಟದ ಏಣಿಯ ಮೊದಲ ಮೆಟ್ಟಿಲು ಅವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧ ಪ್ರತಿ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ, ತರಗತಿಗೆ ಬೇಕಾದ ಆಟದ ಸಾಮಗ್ರಿ ಕೊಡಬೇಕೆನ್ನುತ್ತದೆ, ನೂರಕ್ಕೂ ಹೆಚ್ಚು ಮಕ್ಕಳಿರುವ ಆರರಿಂದ ಎಂಟನೆಯ ತರಗತಿಗಳಿಗೆ ದೈಹಿಕ ಶಿಕ್ಷಣದ ಬೋಧಕರು ಬೇಕೆನ್ನುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ, ಅಲ್ಲಿ ಊಟ, ವಸತಿ, ತರಬೇತಿ ಮೂರೂ ಒಟ್ಟಿಗೆ ಸಿಗುತ್ತವೆ. ಇದು ಯಾರೋ ಕೊಡುವ ದಾನವಲ್ಲ, ಕಾನೂನಿನಲ್ಲೂ ಬಜೆಟ್ಟಿನಲ್ಲೂ ಇರುವ ನಮ್ಮ ಮಕ್ಕಳ ಪಾಲು.

ಆದ್ದರಿಂದ ಹದಿನಾಲ್ಕರೊಳಗಿನ ಮಗುವಿಗೆ ವರ್ಷವಿಡೀ ಪರ್ಸನಲ್ ಬ್ಯಾಟಿಂಗ್ ಕೋಚಿಂಗ್ ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಡಿಸುವ ಶಕ್ತಿಯಿರುವವರು ಆ ದುಡ್ಡಿನ ಒಂದು ಪಾಲನ್ನು ಊರ ಶಾಲೆಯ ಮೈದಾನಕ್ಕೆ ಮ್ಯಾಟು, ಬಲೆ, ನಾಲ್ಕು ಬ್ಯಾಟು ಕೊಡಿಸಲು ಹಾಕಲಿ. ಮುಂದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಹೋಗಿ, ನಮ್ಮ ಶಾಲೆಗೆ ಪಿ.ಟಿ. ಮೇಷ್ಟರು ಇದ್ದಾರೆಯೇ, ಮೈದಾನ ಯಾರ ಹೆಸರಿನಲ್ಲಿದೆ, ಸಂಜೆ ಅದರ ಗೇಟಿಗೆ ಬೀಗ ಯಾಕೆ, ಹುಡುಗಿಯರಿಗೆ ವಾರದಲ್ಲಿ ಯಾವ ದಿನ ಮೀಸಲು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.